ಸಂಗ್ರಹವ್ಯಾಧಿಯ ಪಥ್ಯ

ವೈದ್ಯನು ಔಷಧವನ್ನು ಕೊಡುವನು. ರೋಗಿಯು ಅದನ್ನು ಸೇವಿಸುವನೆಂದು ನಂಬುವನು. ಈ ನಂಬಿಕೆಯು ಎಷ್ಟರಮಟ್ಟಿಗೆ ನಿಜವೆಂಬ ಸಂದೇಹವು ವೈದ್ಯಶಾಸ್ತ್ರದಷ್ಟೇ ಹಳೆಯದು. ಗ್ರೀಸ್ ದೇಶದ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳೊಂದರಲ್ಲಿಯೇ, ಔಷಧಸೇವನೆಯ ವಿಷಯದಲ್ಲಿ ರೋಗಿಗಳು ಆಗಾಗ ಸುಳ್ಳಾಡುವರು, ವೈದ್ಯನು ಎಚ್ಚರದಿಂದಿರತಕ್ಕದ್ದು ಎಂಬ ಸೂಚನೆಯಿದೆ. ನಮ್ಮ ಮನೆಗಳಲ್ಲಿಯೂ ಇದು ಹೊಸ ಮಾತಲ್ಲ. ಕಷಾಯವನ್ನು ಕಿಟಕಿಯಿಂದಾಚೆ ಚೆಲ್ಲಿ ಬರಿಯ ಬಟ್ಟಲನ್ನು ತೋರಿಸಿದ ಮಕ್ಕಳಾಗಲಿ, ಪಥ್ಯದ ದಿನವೇ ಉಪ್ಪಿನಕಾಯಿಯ ಭರಣಿಗೆ ಕೈಯಿಕ್ಕಿದ ಹಿರಿಯರಾಗಲಿ ಇಲ್ಲದ ಮನೆಯು ಯಾವುದು?

ಇದನ್ನು ಊಹೆಯಿಂದ ಬಿಡಿಸಿ ಲೆಕ್ಕಕ್ಕೆ ತಂದವರಲ್ಲಿ ಕೆನಡಾ ದೇಶದ ಹ್ಯಾಮಿಲ್ಟನ್ ನಗರದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಡೇವಿಡ್ ಸ್ಯಾಕೆಟ್, ಬ್ರಯನ್ ಹೇನ್ಸ್ ಮೊದಲಾದ ವೈದ್ಯರು ಮುಖ್ಯರಾದವರು. ಉಕ್ಕಿನ ಕಾರ್ಖಾನೆಯ ಕೆಲಸಗಾರರಲ್ಲಿ ರಕ್ತದ ಒತ್ತಡವುಳ್ಳವರನ್ನು ಆರಿಸಿ, ಅವರು ಗುಳಿಗೆಗಳನ್ನು ನಿಜವಾಗಿ ನುಂಗುವರೇ ಎಂದು ಪರೀಕ್ಷಿಸಿ, ೧೯೭೫ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ರೋಗದ ವಿಷಯವನ್ನು ಚೆನ್ನಾಗಿ ಬೋಧಿಸಿದ ಮಾತ್ರಕ್ಕೆ ಗುಳಿಗೆಯನ್ನು ನುಂಗುವವರು ಹೆಚ್ಚಲಿಲ್ಲವೆಂಬುದು ಅದರಲ್ಲಿ ಕಂಡುಬಂದ ಸಂಗತಿ. ಉಪದೇಶಪ್ರಿಯರಾದ ನಾವೆಲ್ಲರೂ ಇದನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ದೀರ್ಘಕಾಲದ ಕಾಯಿಲೆಗಳಲ್ಲಿ, ಮುಂದುವರಿದ ದೇಶಗಳಲ್ಲಿಯೂ ಚಿಕಿತ್ಸೆಯನ್ನು ಹೇಳಿದಂತೆ ಅನುಸರಿಸುವವರು ಸುಮಾರು ಅರ್ಧದಷ್ಟು ಮಂದಿ ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೦೩ರ ವರದಿಯಲ್ಲಿ ತಿಳಿಸಿತು.

ಆದರೂ ಗುಳಿಗೆಯ ವಿಷಯದಲ್ಲಿ ಅಳತೆಯು ಸುಲಭ. ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಎಣಿಸಬಹುದು. ಎಣಿಕೆಯ ದಿನವು ಸಮೀಪಿಸಿದಾಗ ಮಿಕ್ಕ ಗುಳಿಗೆಗಳನ್ನು ಹೊರಗೆ ಸುರಿಯುವ ಚತುರರೂ ಇರುವುದರಿಂದ, ಮುಚ್ಚಳವನ್ನು ತೆರೆದಾಗಲೆಲ್ಲ ದಿನವನ್ನೂ ಹೊತ್ತನ್ನೂ ತಾನೇ ಗುರುತಿಟ್ಟುಕೊಳ್ಳುವ ಸೀಸೆಗಳನ್ನೂ ನಿರ್ಮಿಸಿದ್ದಾರೆ. ಆದರೆ ಗುಳಿಗೆಯೇ ಇಲ್ಲದ ಚಿಕಿತ್ಸೆಯೊಂದುಂಟು. ಅಲ್ಲಿ ರೋಗಿಯು ನುಂಗತಕ್ಕದ್ದು ಔಷಧವನ್ನಲ್ಲ, ಅಗಲಿಕೆಯ ಸಂಕಟವನ್ನು. ಅಂತಹ ಪಥ್ಯವನ್ನು ಯಾವ ಸೀಸೆಯಿಂದ ಅಳೆಯಬೇಕು? ಸಂಗ್ರಹವ್ಯಾಧಿಯೆಂಬ ಕಾಯಿಲೆಯಲ್ಲಿ ಮನೋವೈದ್ಯರು ಎದುರಿಸುತ್ತಿರುವ ಪ್ರಶ್ನೆಯು ಇದೇ. ಗೃಹಸ್ಥರಾದ ನಾವು ನೀವು ತಿಳಿದುಕೊಳ್ಳಬೇಕಾದದ್ದೂ ಇದರಲ್ಲಿ ಬಹಳವಿದೆ.

ವಸ್ತುಗಳನ್ನು ಕೂಡಿಡುವುದೆಲ್ಲವೂ ರೋಗವೆಂದು ವಾಚಕರು ಗಾಬರಿಗೊಳ್ಳಬಾರದು. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ ಧೋತರಗಳನ್ನು ಕೂಡಿಟ್ಟು ಕೌದಿಯನ್ನು ಹೊಲಿಯುವರು, ಅದು ಜಾಣತನ. ಅಟ್ಟದ ಮೇಲೆ ಬೋರಲಿಟ್ಟ ಹಂಡೆ ಕೊಪ್ಪರಿಗೆಗಳನ್ನು ಮದುವೆಯ ಕಾಲಕ್ಕೆ ಇಳಿಸುವುದು ಗೃಹಕೃತ್ಯ. ಅಂಚೆಚೀಟಿಗಳನ್ನು ಜೋಡಿಸಿಡುವ ಹುಡುಗನದು ವಿನೋದ. ಸಂಗ್ರಹವ್ಯಾಧಿಯಾದರೋ ಇವುಗಳಿಂದ ಬೇರೆ. ಬೆಲೆಯಿರಲಿ ಇಲ್ಲದಿರಲಿ, ವಸ್ತುವನ್ನು ಬಿಸುಡಬೇಕೆಂದೊಡನೆ ಅದು ಮುಂದೆ ಬೇಕಾದೀತೆಂಬ ತವಕವೂ, ಬಿಟ್ಟರೆ ತಾಳಲಾರದ ಸಂಕಟವೂ ಹುಟ್ಟುವುವು. ವಸ್ತುಗಳು ಬೆಳೆದು ಬೆಳೆದು, ಅಡಿಗೆಯ ಮನೆಯಲ್ಲಿ ಅಡಿಗೆಗೂ ಹಾಸಿಗೆಯ ಮೇಲೆ ನಿದ್ರೆಗೂ ಎಡೆಯಿಲ್ಲದಂತಾಗುವುದು. ಮೊದಲು ಇದನ್ನು ಗೀಳುರೋಗದ ಒಂದು ಅಂಗವೆಂದು ಎಣಿಸುತ್ತಿದ್ದರು. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಹೊರಡಿಸಿದ ರೋಗಸೂಚಿಯಲ್ಲಿ ಇದನ್ನು ಪ್ರತ್ಯೇಕವಾದ ರೋಗವೆಂದು ಸೇರಿಸಿತು. ನಾನಾ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಮಾಡಿದ ಲೆಕ್ಕದಂತೆ ನೂರು ಮಂದಿಯಲ್ಲಿ ಎರಡೂವರೆ ಪಾಲಿನಷ್ಟು ಜನರಿಗೆ ಇದರ ಬಾಧೆಯಿರುವುದು.

ಈ ರೋಗವು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ನ್ಯೂಯಾರ್ಕ್ ನಗರದ ಕಾಲಿಯರ್ ಸಹೋದರರ ಕಥೆಯನ್ನು ಹೇಳುವ ವಾಡಿಕೆಯಿದೆ. ಅಣ್ಣನಾದ ಹೋಮರನು ಕಣ್ಣು ಕಳೆದುಕೊಂಡಿದ್ದನು. ತಮ್ಮನಾದ ಲ್ಯಾಂಗ್ಲಿಯು ಅಣ್ಣನಿಗೆ ಎಂದಾದರೂ ದೃಷ್ಟಿಯು ಬಂದರೆ ಓದಲೆಂದು ವರ್ಷಗಟ್ಟಲೆಯ ವೃತ್ತಪತ್ರಿಕೆಗಳನ್ನು ಕೂಡಿಟ್ಟನು. ೧೯೪೭ರ ಮಾರ್ಚಿಯಲ್ಲಿ ಪೋಲೀಸಿನವರು ಹಾರ್ಲೆಮ್ ಭಾಗದ ಆ ಮನೆಯನ್ನು ಹೊಕ್ಕಾಗ ಹೋಮರನು ಸತ್ತು ಕುಳಿತಿದ್ದನು. ಲ್ಯಾಂಗ್ಲಿಗಾಗಿ ಊರೆಲ್ಲ ಹುಡುಕಿದರು. ಏಪ್ರಿಲ್ ತಿಂಗಳಲ್ಲಿ ಅವನ ಶವವು ಅಣ್ಣನಿಂದ ಕೆಲವೇ ಅಡಿಗಳ ದೂರದಲ್ಲಿ, ಕಳ್ಳರಿಗೆಂದು ತಾನೇ ಒಡ್ಡಿದ ಬಲೆಯು ಕುಸಿದು, ರಾಶಿಯ ಅಡಿಯಲ್ಲಿ ಸಿಕ್ಕಿಬಿದ್ದುದು ಕಂಡಿತು. ಅಣ್ಣನಿಗೆ ಅನ್ನವನ್ನೊಯ್ಯುವ ದಾರಿಯಲ್ಲಿಯೇ ಅವನು ಬಿದ್ದನೆಂದು ಹೇಳುವರು. ಆ ಮನೆಯಿಂದ ನೂರು ಟನ್ನುಗಳಿಗೂ ಮಿಕ್ಕ ಸಾಮಾನುಗಳನ್ನು ಹೊರಗೆ ಹಾಕಿದರು. ಹದಿನಾಲ್ಕು ಪಿಯಾನೋಗಳು ಅವುಗಳಲ್ಲಿದ್ದುವು. ಅಂದಿನ ಪತ್ರಿಕೆಗಳು ಇದನ್ನು ನಗೆಯ ವಿಷಯವನ್ನಾಗಿ ಮಾಡಿದುವು. ಆ ಪತ್ರಿಕೆಯ ರಾಶಿಯ ಹಿಂದೆ ಒಬ್ಬ ತಮ್ಮನ ವಾತ್ಸಲ್ಯವಿದ್ದಿತೆಂಬುದನ್ನು ನೆನೆದರೆ ನಮಗೆ ನಗೆ ಬಾರದು.

ಈ ವ್ಯಾಧಿಯ ಶಾಸ್ತ್ರೀಯವಾದ ಪರಿಶೀಲನೆಯು ಮೊದಲಾದುದು ಬಹುಮಟ್ಟಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ. ಅಲ್ಲಿಯ ಸ್ಮಿತ್ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ರ‍್ಯಾಂಡಿ ಫ್ರಾಸ್ಟ್ ಎಂಬವರು, ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಪ್ರಶ್ನೆಯಿಂದ ಪ್ರೇರಿತರಾಗಿ, ವಸ್ತುಗಳನ್ನು ಬಿಡಲಾರದೆ ಕೂಡಿಡುವವರು ತಮ್ಮನ್ನು ಕಾಣಬೇಕೆಂದು ಪತ್ರಿಕೆಯಲ್ಲಿ ಪ್ರಕಟಣೆಯಿತ್ತರು. ಒಬ್ಬಿಬ್ಬರು ಬಂದಾರೆಂದು ಕಾದಿದ್ದವರಿಗೆ ನೂರಕ್ಕೂ ಮೇಲ್ಪಟ್ಟು ಕರೆಗಳು ಬಂದುವು. ೧೯೯೩ರಲ್ಲಿ ಪ್ರಕಟವಾದ ಆ ಲೇಖನದ ತರುವಾಯ ಬಾಸ್ಟನ್ ವಿಶ್ವವಿದ್ಯಾಲಯದ ಗೇಲ್ ಸ್ಟೆಕೆಟೀ, ಹಾರ್ಟ್‌ಫರ್ಡ್ ನಗರದ ಡೇವಿಡ್ ಟೋಲಿನ್ ಇವರು ಫ್ರಾಸ್ಟರೊಡನೆ ಸೇರಿ ಒಂದು ಚಿಕಿತ್ಸಾಕ್ರಮವನ್ನು ಏರ್ಪಡಿಸಿದರು. ಈ ರೋಗಕ್ಕೆಂದೇ ಒಪ್ಪಿಗೆಯನ್ನು ಪಡೆದ ಗುಳಿಗೆಯು ಯಾವುದೂ ಇಲ್ಲ. ಬೇರೆ ರೋಗಗಳ ಕೆಲವು ಔಷಧಗಳನ್ನು ಪರೀಕ್ಷಿಸಿ ನೋಡಿರುವುದುಂಟು. ಮುಖ್ಯವಾದ ಚಿಕಿತ್ಸೆಯು ಮಾತು ಮತ್ತು ಅಭ್ಯಾಸ.

ಚಿಕಿತ್ಸೆಯ ಬಗೆಯು ಹೀಗಿದೆ. ಸುಮಾರು ಇಪ್ಪತ್ತಾರು ಸಲ ರೋಗಿಯು ಚಿಕಿತ್ಸಕರನ್ನು ಕಾಣುವನು. ತಿಂಗಳಿಗೊಮ್ಮೆಯಾದರೂ ಚಿಕಿತ್ಸಕರೇ ಅವನ ಮನೆಗೆ ಬರುವರು. ವಸ್ತುವೊಂದನ್ನು ಕೈಗೆತ್ತಿಕೊಂಡು, ಇದು ನನಗೇಕೆ ಬೇಕು, ಇಂತಹವು ಇನ್ನೆಷ್ಟಿವೆ, ಕಳೆದ ವರ್ಷದಲ್ಲಿ ಒಂದು ಸಲವಾದರೂ ಬಳಸಿದೆನೇ ಎಂದು ತನ್ನನ್ನು ತಾನೇ ಕೇಳಿಕೊಳ್ಳುವನು. ಬಿಸುಟರೆ ಎಷ್ಟು ಸಂಕಟವಾದೀತೆಂದು ನೂರಕ್ಕೆ ಇಷ್ಟೆಂದು ಮೊದಲೇ ಬರೆದಿಡುವನು. ಬಿಸುಟ ಮೇಲೆ ಆ ಗಳಿಗೆಯಲ್ಲಿ ಎಷ್ಟಾಯಿತು, ಮರುದಿನ ಎಷ್ಟು ಉಳಿಯಿತು ಎಂದು ಮತ್ತೆ ಬರೆಯುವನು. ಹೆದರಿದಷ್ಟು ಸಂಕಟವು ಸಾಮಾನ್ಯವಾಗಿ ಆಗುವುದಿಲ್ಲವೆಂಬುದನ್ನು ಇತರರ ಬಾಯಿಂದ ಕೇಳಿ ಅಲ್ಲ, ತನ್ನ ಬರವಣಿಗೆಯಿಂದಲೇ ಕಾಣುವನು. ಅಂಗಡಿಗೆ ಹೋಗಿ, ಮನಸ್ಸು ಸೆಳೆಯುವ ವಸ್ತುವಿನ ಎದುರಿನಲ್ಲಿ ನಿಂತು, ಬರಿಗೈಯಲ್ಲಿ ಹಿಂದಿರುಗುವುದೂ ಒಂದು ಅಭ್ಯಾಸವೇ. ಇವುಗಳಲ್ಲಿ ಹೆಚ್ಚಿನ ಭಾಗವು ನಡೆಯಬೇಕಾದುದು ಚಿಕಿತ್ಸಕರ ಎದುರಿನಲ್ಲಲ್ಲ, ಎರಡು ಭೇಟಿಗಳ ನಡುವೆ ರೋಗಿಯ ಮನೆಯಲ್ಲಿ. ಈ ಮನೆಯಭ್ಯಾಸವೇ ಪಥ್ಯ.

ಹಾಗಾದರೆ ಅಳತೆಯು ಸುಲಭವೇ ಸರಿ, ಮನೆಯಿಂದ ಹೊರಟ ಚೀಲಗಳನ್ನೆಣಿಸಿದರಾಯಿತು ಎಂದು ಯಾರಾದರೂ ಹೇಳಿಯಾರು. ನಾವೂ ಒಂದು ಕಾಲದಲ್ಲಿ ಹೀಗೆಯೇ ತಿಳಿದಿದ್ದೆವು.

ನಮ್ಮ ಸೋದರತ್ತೆಯೊಬ್ಬರ ಮನೆಯಲ್ಲಿ ಮೂರು ಕೋಣೆಗಳು ಹಳೆಯ ಪತ್ರಿಕೆ, ಸೀಸೆ, ರಟ್ಟಿನ ಪೆಟ್ಟಿಗೆ, ಹರಿದ ಚೀಲಗಳಿಂದ ಮಾಡಿನವರೆಗೂ ತುಂಬಿದ್ದುವು. ಅವರು ಬಂಧುಗಳ ಮದುವೆಗೆಂದು ಪರಸ್ಥಳಕ್ಕೆ ಹೋದ ಸಮಯವನ್ನು ನೋಡಿ, ನಾವು ನಾಲ್ಕಾರು ಮಂದಿ ಸೇರಿ ಆ ಕೋಣೆಗಳನ್ನು ಬರಿದುಮಾಡಿದೆವು. ಬಾಗಿಲ ಮುಂದೆ ಎಪ್ಪತ್ತು ಚೀಲಗಳನ್ನು ಸಾಲಾಗಿ ನಿಲ್ಲಿಸಿ ಎಣಿಸಿದುದು ನಮಗೆ ನೆನಪಿದೆ. ಎಣಿಸಿದಾಗ ಹೆಮ್ಮೆಯಾದುದೂ ನೆನಪಿದೆ. ಹಿಂದಿರುಗಿದ ಅತ್ತೆಯವರು ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಗದರಲಿಲ್ಲ, ಅಳಲಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿಯೊಂದಿತ್ತಲ್ಲ, ಅದೆಲ್ಲಿ ಎಂದು ಮಾತ್ರ ಕೇಳಿದರು. ಅದರೊಳಗೆ ಮಾವನವರ ಕೈಬರಹದ ಲೆಕ್ಕದ ಚೀಟಿಗಳಿದ್ದುವಂತೆ. ಡಬ್ಬಿಯು ಯಾವ ಚೀಲದಲ್ಲಿ ಹೋಯಿತೋ ನಮ್ಮಲ್ಲಿ ಯಾರಿಗೂ ತಿಳಿಯದು. ಎರಡು ವರ್ಷಗಳೊಳಗಾಗಿ ಮೂರು ಕೋಣೆಗಳೂ ಮೊದಲಿನಂತೆಯೇ ತುಂಬಿದುವು. ಈ ಸಲ ಬಾಗಿಲಿಗೆ ಬೀಗವೂ ಬಿದ್ದಿತು. ಬೀಗದ ಕೈಯು ಅವರ ಸೆರಗಿನಲ್ಲಿಯೇ ಇರುತ್ತಿದ್ದಿತು.

ನಮ್ಮ ಎಪ್ಪತ್ತು ಚೀಲಗಳು ಪಥ್ಯದ ಲೆಕ್ಕದಲ್ಲಿ ಏಕೆ ಸೊನ್ನೆಯೆಂಬುದಕ್ಕೆ ಟೋಲಿನ್ ಮತ್ತು ಅವರ ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಸ್ವಲ್ಪ ಬೆಳಕು ಕೊಡುವುದು. ಸಂಗ್ರಹವ್ಯಾಧಿಯವರ ಮನೆಗೆ ಬಂದ ಅಂಚೆಯ ಕಾಗದಗಳೇ ಮೊದಲಾದ ಪತ್ರಗಳನ್ನೂ, ಪರೀಕ್ಷಕರಿಗೆ ಸೇರಿದ ಅಂತಹವೇ ಪತ್ರಗಳನ್ನೂ ಒಂದೊಂದಾಗಿ ತೋರಿಸಿ, ಇಡುವಿರೋ ಹರಿಯಲು ಬಿಡುವಿರೋ ಎಂದು ಕೇಳುತ್ತ, ಆ ಸಮಯದಲ್ಲಿ ಮೆದುಳಿನ ವ್ಯಾಪಾರವನ್ನು ಯಂತ್ರದಿಂದ ನೋಡಿದರು. ಪರರ ಕಾಗದದ ಮುಂದೆ ಮೆದುಳಿನ ಕೆಲವು ಭಾಗಗಳು ಇತರರಿಗಿಂತಲೂ ಮಂಕಾಗಿದ್ದುವು. ತಮ್ಮ ಕಾಗದದ ಮುಂದೆಯಾದರೋ ಅವೇ ಭಾಗಗಳು ಮಿತಿಮೀರಿ ಕೆರಳಿದುವು. ವಸ್ತುವಿನ ಬೆಲೆಯನ್ನೂ ಮನಸ್ಸಿನ ತಳಮಳವನ್ನೂ ತೂಗುವಾಗ ಕೆಲಸಮಾಡುವ ಭಾಗಗಳವು. ರೋಗವಿರುವುದು ಕಸದಲ್ಲಲ್ಲ, ‘ನನ್ನದು’ ಎಂಬ ವಸ್ತುವಿನ ಮುಂದೆ ನಿರ್ಣಯಮಾಡಬೇಕಾದ ಗಳಿಗೆಯಲ್ಲಿ. ಆ ಗಳಿಗೆಯನ್ನು ನಾವು ಅತ್ತೆಯವರಿಗೆ ಒಂದು ಸಲವೂ ಕೊಟ್ಟಿರಲಿಲ್ಲ.

ಆದಕಾರಣ ತಿಳಿದ ಚಿಕಿತ್ಸಕರು ಚೀಲಗಳ ಸಂಖ್ಯೆಯನ್ನು ಸುಲಭವಾಗಿ ನಂಬುವುದಿಲ್ಲ. ಚೀಲವನ್ನು ಮಗನು ತುಂಬಿರಬಹುದು. ಚೀಲವು ಮನೆಯಿಂದ ಹೊರಟು ಕಾರಿನ ಹಿಂಭಾಗದಲ್ಲಿಯೋ ಕೊಟ್ಟಿಗೆಯಲ್ಲಿಯೋ ಕುಳಿತಿರಬಹುದು. ಒಂದು ಬಾಗಿಲಿನಿಂದ ಹತ್ತು ಹೊರಟು, ಇನ್ನೊಂದರಿಂದ ಹನ್ನೆರಡು ಬಂದಿರಬಹುದು. ಗಂಟೆಗಳ ಲೆಕ್ಕವೂ ಪೂರ್ತಿಯಾಗಿ ನಂಬತಕ್ಕದ್ದಲ್ಲ. ಎರಡು ಗಂಟೆಗಳ ಕಾಲ ವಿಂಗಡಿಸಿದೆನೆಂದು ರೋಗಿಯು ಹೇಳುವುದು ನಿಜವೇ ಆಗಿದ್ದರೂ, ಈ ರಾಶಿಯ ಕಾಗದವು ಆ ರಾಶಿಗೂ ಆ ರಾಶಿಯದು ಮೂರನೆಯದಕ್ಕೂ ಹೋಗಿ, ಒಂದಾದರೂ ಕಡೆಯ ಸ್ಥಳವನ್ನು ಸೇರದಿರುವುದು ಬಹು ಸಾಮಾನ್ಯ. ಆ ವಿದ್ವಾಂಸರು ಇದನ್ನು ಕಡೆಯುವಿಕೆಯೆಂದು ಕರೆದಿದ್ದಾರೆ. ಮಜ್ಜಿಗೆಯನ್ನು ದಿನವೆಲ್ಲ ಕಡೆದರೂ ಬೆಣ್ಣೆ ಬಾರದ ಸಂದರ್ಭವನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಇನ್ನು ಬಾಯಿಮಾತಿನ ವರದಿ. ಇಲ್ಲಿ ಸುಳ್ಳಿಗಿಂತ ಹೆಚ್ಚಿನ ತೊಡಕು ಅಭ್ಯಾಸಬಲದ್ದು. ದಿನವೂ ನೋಡಿ ನೋಡಿ ಕಣ್ಣಿಗೆ ರಾಶಿಯೇ ಕಾಣದಂತಾಗಿರುವುದು. ‘ಸ್ವಲ್ಪ ಚೆಲ್ಲಾಪಿಲ್ಲಿಯಾಗಿದೆ’ ಎಂಬ ಮಾತಿಗೆ ಒಬ್ಬರಲ್ಲಿ ಒಂದರ್ಥ, ಇನ್ನೊಬ್ಬರಲ್ಲಿ ಮತ್ತೊಂದು. ಇದನ್ನು ಪರಿಹರಿಸಲು ಫ್ರಾಸ್ಟ್ ಮತ್ತು ಅವರ ಸಂಗಡಿಗರು ೨೦೦೮ರಲ್ಲಿ ಚಿತ್ರಗಳ ಅಳತೆಯೊಂದನ್ನು ಪ್ರಕಟಿಸಿದರು. ಹಜಾರ, ಅಡಿಗೆಯ ಮನೆ, ಮಲಗುವ ಕೋಣೆ, ಒಂದೊಂದಕ್ಕೂ ಒಂಬತ್ತು ಛಾಯಾಚಿತ್ರಗಳು. ಮೊದಲನೆಯದು ಓರಣವಾದ ಕೋಣೆ. ಒಂಬತ್ತನೆಯದರಲ್ಲಿ ಗೋಡೆಗಳೇ ಕಾಣವು. ನಿಮ್ಮ ಮನೆಯು ಯಾವುದನ್ನು ಹೋಲುವುದೆಂದು ರೋಗಿಯೂ ತೋರಿಸುವನು, ಮನೆಯನ್ನು ಕಂಡ ಚಿಕಿತ್ಸಕರೂ ತೋರಿಸುವರು. ನಾಲ್ಕನೆಯ ಚಿತ್ರದಿಂದಾಚೆಗೆ ಚಿಕಿತ್ಸೆಯ ವಿಷಯವನ್ನು ಯೋಚಿಸತಕ್ಕದ್ದು. ಇದಲ್ಲದೆ ಬಿಡಲಾರದಿರುವಿಕೆ, ರಾಶಿ, ಹೊಸದಾಗಿ ತರುವಿಕೆ ಈ ಮೂರನ್ನೂ ಕುರಿತ ಇಪ್ಪತ್ತಮೂರು ಪ್ರಶ್ನೆಗಳ ಪಟ್ಟಿಯೊಂದು ೨೦೦೪ರಿಂದಲೂ ಬಳಕೆಯಲ್ಲಿದೆ.

ಆದರೆ ಇವೆಲ್ಲವೂ ರೋಗದ ಅಳತೆಗಳೇ ಹೊರತು ಪಥ್ಯದ ಅಳತೆಗಳಲ್ಲವೆಂಬುದನ್ನು ಗಮನಿಸಬೇಕು. ಜ್ವರವು ಇಳಿದ ಮಾತ್ರಕ್ಕೆ ರೋಗಿಯು ಔಷಧವನ್ನು ಕುಡಿದನೆಂದು ಹೇಳಲಾಗದು. ಪಥ್ಯವನ್ನೇ ಅಳೆಯುವ ಒಳ್ಳೆಯ ಮಾದರಿಯು ನೆರೆಯ ರೋಗವಾದ ಗೀಳಿನ ಚಿಕಿತ್ಸೆಯಲ್ಲಿ ದೊರೆಯುವುದು. ಅಲ್ಲಿಯ ವೈದ್ಯರು ೨೦೧೦ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಮೂರೇ ಪ್ರಶ್ನೆಗಳಿವೆ. ಹೇಳಿದ ಅಭ್ಯಾಸದಲ್ಲಿ ಎಷ್ಟನ್ನು ಮಾಡಲು ಯತ್ನಿಸಿದರು? ಯತ್ನಿಸಿದುದನ್ನು ಎಷ್ಟು ಚೆನ್ನಾಗಿ ಮಾಡಿದರು? ಗೀಳಿನ ಒತ್ತಾಯಕ್ಕೆ ಎಷ್ಟರಮಟ್ಟಿಗೆ ಮಣಿಯದೆ ನಿಂತರು? ಒಂದೊಂದಕ್ಕೂ ಒಂದರಿಂದ ಏಳರವರೆಗೆ ಅಂಕವನ್ನು ಚಿಕಿತ್ಸಕರು ಪ್ರತಿ ಭೇಟಿಯಲ್ಲಿಯೂ ಕೊಡುವರು. ಇದರಲ್ಲಿ ಎರಡನೆಯ ಪ್ರಶ್ನೆಯೇ ಪ್ರಾಣವೆಂದು ನಮ್ಮ ಅಭಿಪ್ರಾಯ. ಹತ್ತು ವಸ್ತುಗಳನ್ನು ಕಣ್ಣುಮುಚ್ಚಿ ಚೀಲಕ್ಕೆ ತುಂಬಿದವನಿಗಿಂತ, ಒಂದು ವಸ್ತುವನ್ನು ಕೈಯಲ್ಲಿ ಹಿಡಿದು ಸಂಕಟವು ಏರಿ ಇಳಿಯುವವರೆಗೂ ಕುಳಿತವನು ಹೆಚ್ಚು ಪಥ್ಯವನ್ನು ಮಾಡಿದನು.

ಇಷ್ಟೆಲ್ಲ ಅಳೆದು ದೊರೆತ ಫಲವೇನು? ಟೋಲಿನ್, ಫ್ರಾಸ್ಟ್, ಸ್ಟೆಕೆಟೀ ಇವರು ೨೦೦೭ರಲ್ಲಿ ಪ್ರಕಟಿಸಿದ ಮೊದಲ ಪರೀಕ್ಷೆಯಲ್ಲಿ ಹದಿನಾಲ್ಕು ಮಂದಿ ರೋಗಿಗಳು ಸೇರಿದರು. ಏಳರಿಂದ ಹನ್ನೆರಡು ತಿಂಗಳುಗಳಲ್ಲಿ ಇಪ್ಪತ್ತಾರು ಭೇಟಿಗಳನ್ನೂ ಮುಗಿಸಿದವರು ಹತ್ತು ಮಂದಿ. ಆ ಹತ್ತರಲ್ಲಿ ಐವರು ಚೆನ್ನಾಗಿ ಸುಧಾರಿಸಿದರು. ಮನೆಯಭ್ಯಾಸವನ್ನು ನಿಷ್ಠೆಯಿಂದ ಮಾಡಿದವರಿಗೂ ಸುಧಾರಣೆಗೂ ಬಲವಾದ ಸಂಬಂಧವು ಕಂಡಿತು. ಸಂಖ್ಯೆಯು ಚಿಕ್ಕದು, ಮತ್ತು ಅಭ್ಯಾಸದಿಂದ ಗುಣವಾಯಿತೋ, ಗುಣವಾಗುತ್ತ ಬಂದವರಿಗೆ ಅಭ್ಯಾಸದಲ್ಲಿ ಉತ್ಸಾಹ ಹುಟ್ಟಿತೋ ಎಂಬ ಸಂದೇಹಕ್ಕೆ ಇಂತಹ ಪರೀಕ್ಷೆಯು ಉತ್ತರ ಕೊಡಲಾರದು. ಎರಡೂ ಒಂದನ್ನೊಂದು ಎಳೆದಿರಬಹುದೆಂದು ನಮಗೆ ತೋರುವುದು.

ವೃದ್ಧರಲ್ಲಿ ಫಲವು ಇನ್ನೂ ಕಡಮೆ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೋ ನಗರದಲ್ಲಿ ಕ್ಯಾಥರೀನ್ ಏಯರ್ಸ್ ಎಂಬ ವಿದುಷಿಯು ಹನ್ನೆರಡು ಮಂದಿ ವೃದ್ಧರಿಗೆ ಇದೇ ಚಿಕಿತ್ಸೆಯನ್ನು ಮಾಡಿ ೨೦೧೧ರಲ್ಲಿ ಪ್ರಕಟಿಸಿದಾಗ, ಗುಣ ಕಂಡವರು ಮೂವರು ಮಾತ್ರ, ಅದೂ ನಿಲ್ಲಲಿಲ್ಲ. ಹೇಳಿದ್ದನ್ನು ಮಾಡದವರನ್ನು ಹಠಮಾರಿಗಳೆಂದು ಬಿಟ್ಟುಬಿಡಬಹುದಾಗಿತ್ತು. ಆಕೆಯು ಹಾಗೆ ಮಾಡಲಿಲ್ಲ. ವಿಂಗಡಿಸುವುದು, ಮುಂದಾಗಿ ಯೋಜಿಸುವುದು, ನೆನಪಿಟ್ಟು ಮಾಡುವುದು ಇವೇ ಈ ರೋಗದಲ್ಲಿ ಕುಂದುವ ಶಕ್ತಿಗಳು. ಕಾಲುಮುರಿದವನಿಗೆ ನಡೆದು ಬಾ ಎಂದಂತೆ, ಇವರಿಗೆ ಮನೆಯಭ್ಯಾಸವನ್ನು ಕೊಟ್ಟದ್ದಾಯಿತು. ಆಮೇಲೆ ಏರ್ಪಡಿಸಿದ ಕ್ರಮದಲ್ಲಿ ಮೊದಲು ದಿನಚರಿಯನ್ನಿಡುವುದನ್ನೂ, ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬರೆಯುವುದನ್ನೂ ಕಲಿಸಿ, ತರುವಾಯ ವಿಂಗಡಿಸುವುದಕ್ಕೆ ಕೂರಿಸಿದರು, ಫಲವೂ ಹೆಚ್ಚಿತು. ಪಥ್ಯವನ್ನು ಮಾಡದಿರುವುದು ಇಲ್ಲಿ ಅವಿಧೇಯತೆಯಲ್ಲ, ರೋಗಲಕ್ಷಣವೇ ಆಗಿರಬಹುದು. ಆಜ್ಞಾಪಾಲನೆಯೆಂಬ ಅರ್ಥವುಳ್ಳ ಹಳೆಯ ಶಬ್ದವನ್ನು ವೈದ್ಯರು ಈಚೆಗೆ ಬಿಟ್ಟು, ಒಪ್ಪಿ ಅನುಸರಿಸುವಿಕೆ ಎಂಬರ್ಥದ ಶಬ್ದವನ್ನು ಬಳಸುತ್ತಿರುವುದು ನಮಗೆ ಸರಿಯೆನಿಸುವುದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳುರೋಗಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯವಿದೆ. ದೂರದ ಊರುಗಳವರು ಮೊದಲ ಸಲಹೆಗಾಗಿ ೧೪೪೧೬ ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ಮಾತನಾಡಬಹುದು. ‘ಟೆಲಿ ಮಾನಸ್’ ಎಂಬ ಈ ಸರ್ಕಾರಿ ಸೇವೆಯು ೨೦೨೨ರ ಅಕ್ಟೋಬರಿನಲ್ಲಿ ಆರಂಭವಾಯಿತು.

ಅತ್ತೆಯವರನ್ನು ಮನೋವೈದ್ಯರಲ್ಲಿಗೆ ಒಯ್ಯಲು ಮಗಳಿಗೆ ಮತ್ತೆರಡು ವರ್ಷಗಳು ಬೇಕಾದುವು. ವೈದ್ಯರು ಕೊಟ್ಟದ್ದು ರೇಖೆ ಎಳೆದ ಒಂದು ಪುಸ್ತಕ. ವಸ್ತು ಯಾವುದು, ಎಷ್ಟು ಸಂಕಟವಾದೀತು, ಎಷ್ಟಾಯಿತು, ಅದು ಎಲ್ಲಿಗೆ ಹೋಯಿತು, ನಿರ್ಣಯ ಯಾರದು ಎಂದು ಅದರಲ್ಲಿ ಅಂಕಣಗಳು. ಮಗಳು ಎದುರಿಗೆ ಕೂರಬಹುದು, ಕೈ ಹಾಕಕೂಡದು. ಮೊದಲ ದಿನ ಒಂದು ಗಂಟೆಯ ಹೊತ್ತಿನಲ್ಲಿ ನಾಲ್ಕೇ ವಸ್ತುಗಳಾದುವು. ನಾವು ಆ ಪುಟವನ್ನು ಅವರ ಒಪ್ಪಿಗೆಯಿಂದ ನೋಡಿದೆವು. ಹಳೆಯ ಪಂಚಾಂಗ: ಆದೀತೆಂದುದು ೮೦, ಆದುದು ೪೦, ರದ್ದಿಗೆ. ಮುಚ್ಚಳವಿಲ್ಲದ ಸೀಸೆ: ೫೦, ೧೦, ರದ್ದಿಗೆ. ಯಾರದೋ ಮದುವೆಯ ಕಾಗದ: ೬೦, ೫೫, ರದ್ದಿಗೆ. ನಾಲ್ಕನೆಯದು ಬರಿಯ ತಗಡಿನ ಡಬ್ಬಿ. ಅದರ ಮುಂದೆ ‘ಇಡುವೆನು, ದೇವರ ಕೋಣೆಯ ಗೂಡಿನಲ್ಲಿ’ ಎಂದು ಬರೆದಿದ್ದಿತು. ವೈದ್ಯರು ಆ ನಾಲ್ಕನ್ನೂ ಮಾಡಿದ ಅಭ್ಯಾಸವೆಂದೇ ಲೆಕ್ಕಕ್ಕೆ ಹಿಡಿದರು. ನಿರ್ಣಯ ಯಾರದೆಂಬ ಅಂಕಣದಲ್ಲಿ ನಾಲ್ಕು ಸಲವೂ ‘ನನ್ನದು’ ಎಂದಿದ್ದಿತು. ಅಕ್ಷರಗಳು ಸ್ವಲ್ಪ ನಡುಗಿದ್ದುವು.